ಅವಳ ಹೆಸರಿನ ಕರೆಂಟು

ಆಗಸ್ಟ್ ೧೨, ಸೋಮವಾರ

ಮರಗೆಲಸದ ಕೋಣೆಯ ಯಂತ್ರಗಳನ್ನು ಇವತ್ತು ಹರಾಜು ಹಾಕಿದರು. ದೊಡ್ಡ ಗರಗಸವನ್ನು ಕೊಂಡವನು ಕೋಳಿಗೂಡು ಕಟ್ಟಲು ಒಯ್ದ. ಲಾರಿಗೆ ಏರಿಸುವಾಗ ನಾನೂ ಒಂದು ಕೈ ಹಿಡಿದೆ. ಹೆಣಕ್ಕೆ ಹೆಗಲು ಕೊಡು ಎಂದರೆ ಇಲ್ಲ ಎನ್ನಲಾಗುತ್ತದೆಯೇ.

ನಮ್ಮ ಒಹಾಯೊದಲ್ಲಿ ಈಗ ಹೈಸ್ಕೂಲು ಮುಗಿಸುವ ಪ್ರತಿ ಮಗುವೂ ದುಡ್ಡಿನ ಪಾಠ ಕಲಿತೇ ಹೊರಗೆ ಹೋಗಬೇಕು. ಸಂಬಳ, ಸಾಲ, ವಿಮೆ, ತೆರಿಗೆ. ಅದಕ್ಕೊಂದು ಕೋಣೆ ಬೇಕು, ಒಬ್ಬ ಮೇಷ್ಟ್ರು ಬೇಕು. ಕೋಣೆ ನನ್ನದೇ ಸಿಕ್ಕಿತು, ಮೇಷ್ಟ್ರೂ ನಾನೇ ಸಿಕ್ಕಿದೆ. ನಮ್ಮ ಪ್ರಿನ್ಸಿಪಾಲಮ್ಮ ಆಡ್ಕಿನ್ಸ್ ಸಮಾಧಾನ ಹೇಳಿದಳು: "ಓರಿನ್, ದುಡ್ಡಿನ ಪಾಠ ಮಾಡು, ಇಲ್ಲಾಂದ್ರೆ ಮನೇಲಿ ಕೂತ್ಕೋ. ತರಬೇತಿ ಪೂರ್ತಿ ಆನ್‌ಲೈನು. ಚಡ್ಡಿ ಹಾಕ್ಕೊಂಡೇ ಮುಗಿಸಬಹುದು."

ಹೀಗೆ ಓರಿನ್ ಟೀಗ್ ಎಂಬ ಬಡಗಿ ಮೇಷ್ಟ್ರು ಅರ್ಥಶಾಸ್ತ್ರಜ್ಞನಾದ.

ಆಗಸ್ಟ್ ೨೦, ಮಂಗಳವಾರ

ಮೊದಲನೇ ತರಬೇತಿ. ದೇಶದ ಮೂಲೆಮೂಲೆಯ ಮೇಷ್ಟ್ರುಗಳು ಅಂಚೆಚೀಟಿಯಷ್ಟು ಚೌಕಗಳಲ್ಲಿ ಮುಖ ತೂರಿಸಿಕೊಂಡು ಕುಳಿತಿದ್ದರು. ತರಬೇತಿ ಕೊಡುವವನ ಹೆಸರು ಬ್ರೈಸ್. ಮುಖದ ಮುಂದೆ ದುಂಡನೆಯ ದೀಪ, ಬೆನ್ನ ಹಿಂದೆ ಪ್ಲಾಸ್ಟಿಕ್ ಗಿಡ. "ಹಾಯ್ ಕುಟುಂಬ!" ಎಂದು ಶುರುಮಾಡಿದ. ನನ್ನ ಕುಟುಂಬ ಆಗ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿತ್ತು. ಇವನು ಮಕ್ಕಳಿಗೆ ಪಾಠ ಮಾಡಿದ್ದು ಒಂದೆರಡು ವರ್ಷವಂತೆ. ಅಷ್ಟರಲ್ಲೇ ಎಲ್ಲ ತಿಳಿದುಬಿಟ್ಟಿತು, ಈಗ ನಮಗೆ ಕಲಿಸುತ್ತಾನೆ.

ಇಲ್ಲಿ ಜಲಪಾತ ಎಂಬ ಒಂದು ಆಟವಿದೆ. ಅವನು ಪ್ರಶ್ನೆ ಕೇಳುತ್ತಾನೆ. ನಾವು ಉತ್ತರ ಟೈಪು ಮಾಡಿ ಬೆರಳು ಎತ್ತಿ ಕಾಯಬೇಕು. ಅವನು "ಬಿಡಿ" ಎಂದಾಗ ಎಲ್ಲರೂ ಒಟ್ಟಿಗೆ ಒತ್ತಬೇಕು, ಉತ್ತರಗಳು ಧೋ ಎಂದು ಸುರಿಯಬೇಕು. ನೀವೇಕೆ ಈ ಪಾಠ ಹೇಳುತ್ತೀರಿ ಎಂದು ಕೇಳಿದ. ನಾನು "ಗರಗಸ ಮಾರಿಬಿಟ್ಟರು, ಅದಕ್ಕೆ" ಎಂದು ಬರೆದೆ. ನನ್ನ ಬೆರಳು ಕಾಯಲಿಲ್ಲ. ಉಳಿದವರ ಜಲಪಾತಕ್ಕೆ ಮೊದಲು ನನ್ನದೊಂದೇ ಹನಿ ತೊಟ್ಟಿಕ್ಕಿ ಎಲ್ಲರ ಕಣ್ಣಿಗೂ ಬಿತ್ತು.

"ಓರಿನ್, ಎಂಥ ರೂಪಕ!" ಎಂದ ಬ್ರೈಸ್.

ಸೆಪ್ಟೆಂಬರ್ ೬, ಶುಕ್ರವಾರ

ಮಕ್ಕಳಿಗೆ ಮೊದಲ ಅತಿಥಿ ಭಾಷಣ. ಅತಿಥಿ ಎಂದರೆ ಬರುವವರಲ್ಲ, ಗೋಡೆಯ ಮೇಲೆ ಕಾಣಿಸಿಕೊಳ್ಳುವವರು. ಯಾವುದೋ ದೊಡ್ಡ ಊರಿನ ಹೆಂಗಸು, ದಿನಕ್ಕೊಂದು ಕಾಫಿ ಬಿಟ್ಟರೆ ಮುಪ್ಪಿನಲ್ಲಿ ಹಾಯಾಗಿರಬಹುದು ಎಂದು ಹೇಳಿದಳು. ನಮ್ಮ ಊರಿನಲ್ಲಿ ಆ ಕಾಫಿ ಮಾರುವ ಅಂಗಡಿಯೇ ಇಲ್ಲ. ಮಕ್ಕಳು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಕುಳಿತಿದ್ದರು, ಕೋಣಗಳದ್ದೇನೂ ತಪ್ಪಿಲ್ಲ.

ಮಾರ್ಲೀ ಮಾತ್ರ ಕೈ ಎತ್ತಿ, ನೀವು ಮನೆ ಕರೆಂಟು ಯಾವತ್ತಾದ್ರೂ ಕಟ್ ಆಗಿದ್ದು ನೋಡಿದೀರಾ ಎಂದು ಕೇಳಿದಳು. ಅತಿಥಿ ನಕ್ಕು, ಒಳ್ಳೆಯ ಪ್ರಶ್ನೆ ಎಂದು ಮುಂದೆ ಹೋದಳು.

ಮಾರ್ಲೀ ಪ್ರುವಿಟ್ ಹೋದ ವರ್ಷದ ನನ್ನ ಮರಗೆಲಸದ ಹುಡುಗಿ. ಕೊನೆಯ ವರ್ಷದಲ್ಲಿದ್ದಾಳೆ, ಶಾಲೆ ಮುಗಿಸಿ ಕರೆಂಟು ಕಂಬ ಹತ್ತುವ ಕೆಲಸ ಕಲಿಯಬೇಕೆಂದು ಆಸೆ. ಚೆರ್ರಿ ಮರದ ಒಂದು ಬೆಂಚು ಅರ್ಧ ಮಾಡಿದ್ದಳು, ಅಷ್ಟರಲ್ಲಿ ಕೋಣೆಯೇ ಹೋಯಿತು. ಹಿಂದಿನ ಉಗ್ರಾಣದಲ್ಲಿ ಕೈ ಉಪಕರಣಗಳು ಇನ್ನೂ ಇವೆ. ಅದರ ಬೀಗದ ಕೈ ಅವಳಿಗೆ ಕೊಟ್ಟಿದ್ದೇನೆ. ಆಡ್ಕಿನ್ಸ್‌ಗೆ ಗೊತ್ತಿಲ್ಲ, ಗೊತ್ತಾಗುವ ಅಗತ್ಯವೂ ಇಲ್ಲ.

ಅವಳ ತಾಯಿ ಡಾರ್ಲಾ ನಮ್ಮ ಶಾಲೆಯ ಊಟದ ಕೌಂಟರಿನಲ್ಲಿ ಬಡಿಸುತ್ತಾಳೆ. ನನ್ನ ತಟ್ಟೆಗೆ ಯಾವಾಗಲೂ ಹುರಿದ ಆಲೂಗಡ್ಡೆ ಒಂದು ಸೌಟು ಜಾಸ್ತಿ. ಇವತ್ತು ಬಡಿಸುತ್ತಾ, "ನಮ್ಮ ಹುಡುಗಿ ನಿಮ್ಮ ಹತ್ರ ಮಾತ್ರ ಬಾಯಿ ಬಿಡೋದು ಮೇಷ್ಟ್ರೇ, ಮನೇಲಿ ಗುಂಡುಕಲ್ಲು" ಎಂದಳು. ಕೇಳಿ ಸಂತೋಷವಾಯಿತು, ಸುಳ್ಳೇಕೆ ಬರೆಯಲಿ.

ಅಕ್ಟೋಬರ್ ೧೦, ಗುರುವಾರ

ಇವತ್ತಿನದನ್ನು ನಿಧಾನವಾಗಿ ಬರೆಯಬೇಕು.

ಈ ವಾರದ ಪಾಠ, ಸಾಲದ ಚರಿತ್ರೆ, ಅಂದರೆ ಯಾರು ಬಾಕಿ ತೀರಿಸಿದರು, ಯಾರು ಉಳಿಸಿಕೊಂಡರು ಎಂಬ ದಾಖಲೆ. ಹದಿನೆಂಟು ತುಂಬಿದ ಮಕ್ಕಳು ತಮ್ಮ ಹೆಸರಿನಲ್ಲಿ ಏನು ದಾಖಲೆಯಿದೆ ಎಂದು ನೋಡಿಕೊಂಡು ಬರಲಿ ಎಂದಿದ್ದೆ. ಏನಿರುತ್ತದೆ, ಖಾಲಿ ಇರುತ್ತದೆ. ಖಾಲಿ ನೋಡಿ ನಗುತ್ತಾರೆ, ಪಾಠ ಮುಗಿಯುತ್ತದೆ.

ಶಾಲೆ ಬಿಟ್ಟ ಮೇಲೆ ಮಾರ್ಲೀ ಉಗ್ರಾಣಕ್ಕೆ ಬಂದಳು. ಬೆಂಚಿನ ಕಾಲಿಗೆ ಉಪ್ಪುಕಾಗದ ತಿಕ್ಕುತ್ತಾ, ತಲೆ ಎತ್ತದೆ ಹೇಳಿದಳು. ಅವಳ ದಾಖಲೆ ಖಾಲಿ ಇಲ್ಲ. ಅವಳಿಗೆ ಎಂಟು ತುಂಬಿ ಒಂಬತ್ತಕ್ಕೆ ಬಿದ್ದಾಗ ತಾಯಿ ಬಿಲ್ಲು ಬಾಕಿ ಉಳಿಸಿಕೊಂಡಳೆಂದು ಕಂಪನಿಯವರು ಮನೆಯ ಕರೆಂಟು ಕಟ್ ಮಾಡಿದರು. ಡಾರ್ಲಾ ಮಗಳ ಹೆಸರಿನಲ್ಲಿ ಹೊಸ ಸಂಪರ್ಕ ತೆಗೆದುಕೊಂಡಳು. ಅದೂ ಬಾಕಿಯಾಯಿತು, ಆ ಮನೆ ಬಿಟ್ಟರು, ಬಾಕಿ ಮಾತ್ರ ಮಾರ್ಲೀಯ ಹೆಸರು ಹಿಡಿದುಕೊಂಡು ಅವಳು ದೊಡ್ಡವಳಾಗುವುದನ್ನೇ ಕಾಯುತ್ತಿತ್ತು.

"ಕರೆಂಟು ಬಂದ ದಿನ ಅಮ್ಮ ನನ್ನ ಎತ್ಕೊಂಡು ಮನೆಯೆಲ್ಲಾ ತೋರಿಸಿದ್ಲು ಮೇಷ್ಟ್ರೇ. 'ಈ ಬೆಳಕೆಲ್ಲ ನಿಂದೇ ಕಣೇ' ಅಂದ್ಲು. ನಾನು ನಿಜ ಅಂದ್ಕೊಂಡೆ. ಮೂರನೇ ಕ್ಲಾಸಲ್ಲಿ ಎಲ್ಲರ ಹತ್ರ ಜಂಬ ಕೊಚ್ಕೊಂಡಿದ್ದೆ, ನಮ್ಮನೆ ಲೈಟೆಲ್ಲ ನನ್ನ ಹೆಸರಲ್ಲಿದೆ ಅಂತ."

ದಾಖಲೆಯನ್ನು ಸರಿಪಡಿಸಲು ದಾರಿ ಇದೆ. ಇದು ನನ್ನ ಸಾಲವಲ್ಲ, ಮೋಸ ಎಂದು ಪೊಲೀಸರಲ್ಲಿ ದೂರು ಕೊಡಬೇಕು. ಯಾರ ಮೇಲೆ? ಅದನ್ನು ಅವಳೂ ಓದಿಕೊಂಡೇ ಬಂದಿದ್ದಳು. ಕಂಬ ಹತ್ತಲು ಕಲಿತು ಸಂಬಳ ಬಂದ ಮೇಲೆ ತಾನೇ ತೀರಿಸುತ್ತೇನೆ, ದೂರು ಕೊಡುವುದಿಲ್ಲ ಎಂದಳು.

"ಯಾರಿಗೂ ಹೇಳಬೇಡಿ. ಗೊತ್ತಾದ್ರೆ ಅಮ್ಮ ಈ ಊರಲ್ಲಿ ತಲೆ ಎತ್ಕೊಂಡು ಓಡಾಡಲ್ಲ."

ಹೇಳುವುದಿಲ್ಲ ಎಂದೆ. ಮರ ಮುಟ್ಟಿ ಹೇಳಿದೆ.

ನನಗೆ ಅಳು ಬಂತು. ಆ ಕಾಫಿ ಬಿಡು ಎಂದವಳನ್ನು ಕರೆತಂದು ಈ ಹುಡುಗಿಯ ಮುಂದೆ ಕೂರಿಸಬೇಕು.

ಅಕ್ಟೋಬರ್ ೧೧, ಶುಕ್ರವಾರ

ಊಟದ ಸಾಲಿನಲ್ಲಿ ಡಾರ್ಲಾಳ ಮುಖ ನೋಡಲಾಗಲಿಲ್ಲ. ಆಲೂಗಡ್ಡೆ ಜಾಸ್ತಿಯೇ ಹಾಕಿದಳು.

ನವೆಂಬರ್ ೭, ಗುರುವಾರ

ತರಬೇತಿಯಲ್ಲಿ ನಮ್ಮನ್ನು ಸಣ್ಣ ಸಣ್ಣ ಗುಂಪುಗಳಾಗಿ ಒಡೆದು ಬೇರೆ ಬೇರೆ ಕೋಣೆಗೆ ನೂಕಿದರು. ಕೋಣೆ ಎಂದರೆ ಅದೂ ಪರದೆಯೇ. ಇವತ್ತಿನ ಅಭ್ಯಾಸ, ಪಾಠವನ್ನು ಒಂದು ನಿಜವಾದ ಕಥೆಯಿಂದ ಶುರುಮಾಡುವುದು. ಒಬ್ಬ ಮೇಷ್ಟ್ರು ತನ್ನ ಸೈಕಲ್ ಕಥೆ ಹೇಳಿದ. ಒಬ್ಬಳು ತನ್ನ ಮದುವೆ ಉಂಗುರದ ಕಥೆ ಹೇಳಿದಳು. ಬರೀ ಸಪ್ಪೆ. ಇವರು ಬಡತನವನ್ನು ಪುಸ್ತಕದಲ್ಲಿ ಓದಿದವರು ಎನ್ನಿಸಿ ಹೊಟ್ಟೆ ಉರಿಯಿತು.

ನನ್ನ ಸರದಿ ಬಂದಾಗ ಹೇಳಿಬಿಟ್ಟೆ. ಹೆಸರು ಹೇಳಲಿಲ್ಲ. ಊರು ಹೇಳಲಿಲ್ಲ. ಅವರಿಗೆ ಬುದ್ಧಿ ಬರಲಿ ಎಂದು ಹೇಳಿದೆ. 'ಈ ಬೆಳಕೆಲ್ಲ ನಿಂದೇ' ಎನ್ನುವಲ್ಲಿಗೆ ಬಂದಾಗ ಟೆಕ್ಸಸ್‌ನ ಒಬ್ಬ ಮೇಡಂ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು. ಬ್ರೈಸ್ ಯಾವಾಗ ಆ ಕೋಣೆಗೆ ನುಗ್ಗಿದ್ದನೋ ತಿಳಿಯದು, ಕೊನೆಯಲ್ಲಿ ಅವನ ದನಿ ಕೇಳಿತು: "ಓರಿನ್, ನಿನ್ನ ಹತ್ರ ಚಿನ್ನ ಇದೆ ಕಣಯ್ಯಾ. ಅದನ್ನ ಉಗ್ರಾಣದಲ್ಲಿ ಇಟ್ಕೊಂಡು ಕೂತಿದೀಯಲ್ಲ."

ಮೇಷ್ಟ್ರುಗಳು ಮೇಷ್ಟ್ರುಗಳ ಹತ್ತಿರ ಮಾತಾಡಿದರೆ ಅದು ಊರಿಗೆ ಹೇಳಿದಂತೆ ಆಗುವುದಿಲ್ಲ. ವೈದ್ಯರು ವೈದ್ಯರ ಹತ್ತಿರ ಮಾತಾಡುವುದಿಲ್ಲವೇ.

ನವೆಂಬರ್ ೮, ಶುಕ್ರವಾರ

ಮಾರ್ಲೀಗೆ ಮರದ ಅಂಟು ತಂದುಕೊಡುತ್ತೇನೆಂದು ಹೇಳಿದ್ದೆ. ಮರೆತೆ. ಸೋಮವಾರ ತರಬೇಕು.

ಡಿಸೆಂಬರ್ ೪, ಬುಧವಾರ

ನನ್ನ ಅತಿಥಿ ಭಾಷಣದ ಚಿತ್ರೀಕರಣ ಮುಗಿಯಿತು. ಅತಿಥಿ ನಾನು! ಬ್ರೈಸ್ ಮೂರು ಸಂಜೆ ಪರದೆಯ ಮೇಲಿಂದಲೇ ನನ್ನನ್ನು ತಿದ್ದಿದ. ಹುಡುಗ ಕೆಲಸ ಬಲ್ಲವನೇ, ಒಪ್ಪಬೇಕು. ಮರಕ್ಕೆ ಹೊಳಪು ಕೊಟ್ಟ ಹಾಗೆ ಮಾತಿಗೂ ಕೊಡಬೇಕಂತೆ. ಮುಖ್ಯವಾದ ಮಾತು ಹೇಳಿದ ಮೇಲೆ ಒಂದು ಉಸಿರಿನಷ್ಟು ಹೊತ್ತು ನಿಲ್ಲಬೇಕು, ಏನೂ ಹೇಳಬಾರದು, ಕ್ಯಾಮೆರಾದ ಕಣ್ಣನ್ನೇ ನೋಡುತ್ತಿರಬೇಕು. ಕೇಳುವವರ ಎದೆ ಆ ಸಂದಿಯಲ್ಲೇ ಒಡೆಯುವುದು ಎಂದ.

ಹುಡುಗಿಯ ಹೆಸರನ್ನು ಕ್ಲೇರ್ ಎಂದು ಮಾಡಿದೆ. ಇಂಡಿಯಾನಾದವಳು ಎಂದೆ. ತಾಯಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಕೊಟ್ಟೆ. ಆ ಬೆಳಕಿನ ಮಾತನ್ನೂ ಬದಲಾಯಿಸೋಣವೇ ಎಂದು ಕೇಳಿದೆ. ಅದನ್ನು ತೆಗೆದರೆ ಭಾಷಣದಲ್ಲಿ ಉಳಿಯುವುದು ಬಡ್ಡಿಯ ಲೆಕ್ಕ ಮಾತ್ರ ಎಂದ ಬ್ರೈಸ್. ನಿಜವೇ.

ಮಾರ್ಲೀಯನ್ನು ಒಂದು ಮಾತು ಕೇಳಬಹುದಿತ್ತು. ಪರೀಕ್ಷೆಯ ಸಮಯ, ಮಗುವಿಗೆ ಸುಮ್ಮನೆ ತಲೆಬಿಸಿ ಏಕೆ ಎಂದು ಬಿಟ್ಟೆ.

ಬ್ರೈಸ್‌ಗೆ ನನ್ನ ಹಿಂದೆ ಉಳಿ, ಕೈಗರಗಸ ಕಾಣಬೇಕಿತ್ತು. ಹಾಗಾಗಿ ಉಗ್ರಾಣದಲ್ಲೇ ದೀಪ ಕಟ್ಟಿದೆ. ಬೆಂಚು ಅಡ್ಡವಾಗುತ್ತಿತ್ತು, ಹೊರಗಿನ ಓಣಿಯಲ್ಲಿ ಇಟ್ಟಿದ್ದೇನೆ. ಬೀಗದ ಕೈಯನ್ನೂ ಸದ್ಯಕ್ಕೆ ವಾಪಸು ತೆಗೆದುಕೊಂಡೆ. ಮಾರ್ಲೀ ಏನೂ ಕೇಳದೆ ಕೊಟ್ಟಳು. ಒಳ್ಳೆಯ ಹುಡುಗಿ.

ಜನವರಿ ೧೫, ಬುಧವಾರ

ಭಾಷಣ ಹಬ್ಬುತ್ತಿದೆ. ಎಲ್ಲೆಲ್ಲಿನ ಮೇಷ್ಟ್ರುಗಳೋ ಪತ್ರ ಬರೆಯುತ್ತಿದ್ದಾರೆ. ನಮ್ಮ ಮಕ್ಕಳು ಅತ್ತರು, ನಮ್ಮ ಮಕ್ಕಳು ಎದ್ದು ನಿಂತರು ಎನ್ನುತ್ತಾರೆ. ಆಡ್ಕಿನ್ಸ್ ಎರಡು ಸಲ ನನ್ನ ಕೋಣೆಗೆ ಬಂದು ಹೋದಳು. ಗರಗಸ ಮಾರಿದವಳು ಈಗ ನಿನಗೇನು ಬೇಕು ಓರಿನ್ ಎಂದು ಕೇಳುತ್ತಾಳೆ. ಫೆಬ್ರವರಿಯಲ್ಲಿ ರಾಜಧಾನಿ ಕೊಲಂಬಸ್‌ನಲ್ಲಿ ರಾಜ್ಯದ ಮೇಷ್ಟ್ರುಗಳ ಸಭೆ, ಅಲ್ಲಿ ನಾನು ನೇರವಾಗಿಯೇ ಮಾತಾಡಬೇಕು. ಕುಟುಂಬ ದೊಡ್ಡದಾಗುತ್ತಿದೆ.

ಮನೆಯಲ್ಲಿರುವ ಕುಟುಂಬಕ್ಕೆ ಮಾತ್ರ ಇದು ಹಿಡಿಸಿಲ್ಲ. ನಿನ್ನೆ ಊಟ ಮಾಡುತ್ತಾ ಉಪ್ಪು ಕೊಡು ಎಂದೆ, ವಿಲ್ಮಾ ಕೈ ಕಟ್ಟಿ ನೋಡುತ್ತಾ ಕುಳಿತಳು.

"ಉಪ್ಪು ಅಂದು ಉಸಿರು ಹಿಡ್ಕೊಂಡು ಕೂತ್ಯಲ್ಲ, ನಾನೇನು ಚಪ್ಪಾಳೆ ತಟ್ಟಬೇಕಾ?"

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ ಎಂದು ಇನ್ನೂ ಏನೇನೋ ಗೊಣಗಿದಳು. ಮೂವತ್ತು ವರ್ಷ ಮರದ ಪುಡಿ ಒಗೆದು ಒಗೆದು ಬೇಸತ್ತವಳು, ಗಂಡನಿಗೆ ಒಂದಿಷ್ಟು ಹೆಸರು ಬಂದರೆ ಸಹಿಸಲಾಗುತ್ತಿಲ್ಲ.

ಫೆಬ್ರವರಿ ೧೦, ಸೋಮವಾರ

ನಾಳೆ ಬೆಳಿಗ್ಗೆಯೇ ಕೊಲಂಬಸ್‌ಗೆ. ನಾನಿಲ್ಲದ ಎರಡು ದಿನಕ್ಕೆ ಹೋಮರ್ ಎಂಬ ನಿವೃತ್ತ ಮೇಷ್ಟ್ರು ನನ್ನ ಕ್ಲಾಸು ನೋಡಿಕೊಳ್ಳುತ್ತಾನೆ. ಅವನಿಗೆ ಚೀಟಿ ಬರೆದಿಟ್ಟೆ. ಈ ಪಾಠ ಹೇಳುವವರೆಲ್ಲ ರಜೆ ಹಾಕಿದ ದಿನ ಮಾಡುವುದು ಒಂದೇ, 'ಈ ತಿಂಗಳ ಅತಿಥಿ' ಎಂಬ ಕೊಂಡಿ ಒತ್ತಿಬಿಡಿ ಎನ್ನುವುದು. ಹೋದ ಸಲ ಒತ್ತಿದಾಗ ವಿಮೆಯ ಅಜ್ಜಿ ಬಂದಿದ್ದಳು, ಮಕ್ಕಳು ಸುಖವಾಗಿ ನಿದ್ದೆ ಮಾಡಿದ್ದರು. ಅದನ್ನೇ ಬರೆದೆ.

ನೀಲಿ ಟೈ ಇಸ್ತ್ರಿ ಮಾಡಿಸಬೇಕು.

ಫೆಬ್ರವರಿ ೧೩, ಗುರುವಾರ

ಕೊಲಂಬಸ್‌ನಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅದನ್ನು ಬರೆಯಬೇಕೆಂದು ದಾರಿಯುದ್ದಕ್ಕೂ ವಾಕ್ಯ ಕಟ್ಟಿಕೊಂಡು ಬಂದಿದ್ದೆ.

ಮೇಜಿನ ಮೇಲೆ ಹೋಮರ್‌ನ ಚೀಟಿ ಇತ್ತು. ಎಲ್ಲ ಚೆನ್ನಾಗಿ ನಡೆಯಿತು, ಪರದೆಯ ಮೇಲೆ ತಮ್ಮ ಮೇಷ್ಟ್ರನ್ನೇ ಕಂಡು ಮಕ್ಕಳಿಗೆ ಖುಷಿಯೋ ಖುಷಿ. ಒಬ್ಬ ಹುಡುಗಿ ಬಾತ್‌ರೂಮಿಗೆ ಎಂದು ಮಧ್ಯದಲ್ಲಿ ಎದ್ದು ಹೋದವಳು ಮರಳಲಿಲ್ಲ, ಅವಳ ಚೀಲ ಆಫೀಸಿನಲ್ಲಿದೆ.

ಈ ತಿಂಗಳ ಅತಿಥಿ ನಾನು. ನನಗೆ ಗೊತ್ತಿತ್ತು. ಹೊಸ ತಿಂಗಳು ಬಂದಾಗ ಆ ಕೊಂಡಿ ತಾನಾಗಿ ಹೊಸ ಭಾಷಣಕ್ಕೆ ತಿರುಗುತ್ತದೆ ಎಂಬುದೂ ಗೊತ್ತಿತ್ತು. ಎರಡನ್ನೂ ಸೇರಿಸಿ ಯೋಚಿಸಲಿಲ್ಲ, ಟೈಗೆ ಇಸ್ತ್ರಿ ಮಾಡಿಸುತ್ತಿದ್ದೆ.

ಆಫೀಸಿಗೆ ಹೋಗಿ ನೋಡಿದೆ. ಚೀಲ ಮಾರ್ಲೀಯದೇ.

ಫೆಬ್ರವರಿ ೧೪, ಶುಕ್ರವಾರ

ಓಣಿಯಲ್ಲಿ ಸಿಕ್ಕಳು, ಬೆಂಚಿನ ಹತ್ತಿರ. ಅದರ ಮೇಲೆ ಯಾರೋ ಸೋಡಾ ಚೆಲ್ಲಿ ಕಲೆ ಮಾಡಿದ್ದರು. ಕಲೆಯನ್ನು ಹೆಬ್ಬೆರಳಿನಲ್ಲಿ ಉಜ್ಜುತ್ತಾ ನಿಂತಿದ್ದಳು.

"ಹೆಸರು ಬದಲಾಯಿಸಿದ್ದೆ ಮಾರ್ಲೀ," ಎಂದೆ. ನನ್ನ ಬಾಯಿಂದ ಮೊದಲು ಬಂದದ್ದು ಅದು.

"ಹೆಸರಿಂದ ಯಾರು ಗುರುತು ಹಿಡೀತಾರೆ? ಮೂರನೇ ಕ್ಲಾಸಲ್ಲಿ ಇದೇ ಮಕ್ಕಳ ಮುಂದೆ ನಾನೇ ಹೇಳ್ಕೊಂಡು ಕುಣಿದಿದ್ದೆ. ನಿಮಗೆ ಅದನ್ನೂ ಹೇಳಿದ್ದೆ ಮೇಷ್ಟ್ರೇ."

ಹೇಳಿದ್ದಳು. ಈ ಪುಸ್ತಕದಲ್ಲೇ ಬರೆದುಕೊಂಡಿದ್ದೇನೆ, ಹಿಂದಿನ ಪುಟ ತಿರುವಿದರೆ ಕಾಣುತ್ತದೆ.

ತಪ್ಪಾಯಿತು ಎಂದೆ. ಬೇರೆ ಮಕ್ಕಳಿಗೆ ಒಳ್ಳೆಯದಾಗಲಿ ಎಂದು ಹೇಳಿದ್ದು ಎಂದೆ. ನಿನ್ನ ಕಥೆ ಕೇಳಿ ಎಷ್ಟು ಜನ ತಮ್ಮ ದಾಖಲೆ ನೋಡಿಕೊಂಡರು ಗೊತ್ತಾ ಎಂದೂ ಹೇಳಿದೆ. ಅವಳು ಬೆಂಚಿನಿಂದ ಕೈ ತೆಗೆದಳು.

"ಬೆಳಕೆಲ್ಲ ನಿಂದೇ ಅಂತ ಹೇಳಿ ನೀವು ಸುಮ್ಮನಾದ್ರಲ್ಲ, ಕ್ಯಾಮೆರಾ ನೋಡ್ಕೊಂಡು. ನೀವು ಸುಮ್ಮನಿದ್ದಷ್ಟು ಹೊತ್ತೂ ಕ್ಲಾಸಲ್ಲಿ ಎಲ್ಲರೂ ತಿರುಗಿ ನನ್ನೇ ನೋಡಿದ್ರು."

ಇಷ್ಟೇ. ಬೈಯಲೂ ಇಲ್ಲ, ಅಳಲೂ ಇಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಹೋದಳು.

ನಾನು ಕೆಟ್ಟವನಲ್ಲ. ಈ ಮಗುವಿಗೆ ಕೇಡು ಬಯಸಿದವನಲ್ಲ. ಆದರೂ ಕೇಡು ಮಾಡಿದವನು ನಾನೇ, ಬೇರೆ ಯಾರೂ ಅಲ್ಲ.

ಬ್ರೈಸ್‌ಗೆ ಭಾಷಣ ತೆಗೆದುಹಾಕಿ ಎಂದು ಬರೆದೆ.

ಫೆಬ್ರವರಿ ೧೯, ಬುಧವಾರ

ಬ್ರೈಸ್ ಉತ್ತರಿಸಿದ. ಎಷ್ಟೋ ಶಾಲೆಗಳು ಈಗಾಗಲೇ ಇಳಿಸಿಕೊಂಡಿವೆ, ಈಗ ತೆಗೆದರೂ ಪ್ರಯೋಜನವಿಲ್ಲ. ಮಾರ್ಚ್ ಮುಗಿಯಲಿ, ನೋಡೋಣ ಎಂದ. ಅವನು ಹೇಳುವುದರಲ್ಲೂ ಅರ್ಥವಿದೆ. ಒಬ್ಬಳಿಗೆ ನೋವಾಯಿತು, ಸಾವಿರಾರು ಜನಕ್ಕೆ ಕಣ್ಣು ತೆರೆಯಿತು. ತಕ್ಕಡಿ ಹಿಡಿಯುವವರು ಹಿಡಿಯಲಿ.

ಮಾರ್ಚ್ ೩, ಸೋಮವಾರ

ಮಾರ್ಲೀ ನನ್ನ ಕ್ಲಾಸು ಬಿಟ್ಟಳು. ಉಳಿದ ಪಾಠವನ್ನು ಗ್ರಂಥಾಲಯದಲ್ಲಿ ಕಂಪ್ಯೂಟರಿನ ಮುಂದೆ ಮುಗಿಸಲು ಆಡ್ಕಿನ್ಸ್ ಒಪ್ಪಿಗೆ ಕೊಟ್ಟಿದ್ದಾಳೆ. ಆ ಪಾಠದಲ್ಲಿ ಸಾಲದ ಅಧ್ಯಾಯಕ್ಕೆ ಸೇರಿಸಿರುವ ಅತಿಥಿ ನಾನೇ. ಕೊನೆಯವರೆಗೆ ನೋಡದಿದ್ದರೆ ಮುಂದಿನ ಅಧ್ಯಾಯ ತೆರೆಯುವುದಿಲ್ಲ. ಅದನ್ನು ದಾಟದಿದ್ದರೆ ಶಾಲೆ ಮುಗಿಯುವುದಿಲ್ಲ, ಶಾಲೆ ಮುಗಿಯದೆ ಕಂಬವಿಲ್ಲ.

ಇವತ್ತು ಊಟದ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದ ಹುಡುಗನೊಬ್ಬ ಡಾರ್ಲಾಳನ್ನು, "ಆಂಟಿ, ಈ ತಿಂಗಳು ಕರೆಂಟು ಯಾರ ಹೆಸರಲ್ಲಿ?" ಎಂದು ಕೇಳಿದ. ಸಾಲಿನಲ್ಲಿದ್ದ ಹುಡುಗರು ನಕ್ಕರು. ನಾನು ಅವನ ಕತ್ತಿನ ಪಟ್ಟಿ ಹಿಡಿಯಬೇಕಿತ್ತು. ನನ್ನ ಕೈಯಲ್ಲಿ ತಟ್ಟೆ ಇತ್ತು. ಡಾರ್ಲಾ ಅವನಿಗೆ ಬಡಿಸಿ ಕಳಿಸಿದಳು. ಆಮೇಲೆ ನನ್ನ ಸರದಿ. ಸೌಟನ್ನು ಅಂಚಿಗೆ ಸಮ ಮಾಡಿ, ಎಲ್ಲರಿಗೂ ಹಾಕುವಷ್ಟೇ ಆಲೂಗಡ್ಡೆ ಹಾಕಿದಳು.

"ಆ ಚಳಿಗಾಲ ಮಗೂಗೆ ನ್ಯುಮೋನಿಯಾ ಮೇಷ್ಟ್ರೇ. ಹೀಟರ್ ಇಲ್ದಿದ್ರೆ ಉಳೀತಿರಲಿಲ್ಲ. ಬರೀ ಜ್ವರ ಅಂತ ಅವಳಿಗೆ ಹೇಳಿದ್ದೆ," ಎಂದಳು. "ನನ್ನನ್ನ ಒಂದು ಮಾತು ಕೇಳಿದ್ದಿದ್ರೆ ಅದನ್ನೂ ಹೇಳ್ತಿದ್ದೆ."

ತಟ್ಟೆ ಹಿಡಿದು ಮೂಲೆಯ ಮೇಜಿಗೆ ಹೋದೆ, ತಿನ್ನಲಾಗಲಿಲ್ಲ. ಇದು ಮೊದಲೇ ಗೊತ್ತಿದ್ದರೆ ಭಾಷಣಕ್ಕೆ ಇನ್ನೂ ತೂಕ ಬರುತ್ತಿತ್ತು ಎಂದು ಒಂದು ಕ್ಷಣ ಅನ್ನಿಸಿತು. ಅನ್ನಿಸಿದ್ದನ್ನು ಬರೆದಿದ್ದೇನೆ, ಅಷ್ಟೆ.

ಮಾರ್ಚ್ ೧೧, ಮಂಗಳವಾರ

ಕೌಂಟರಿನಲ್ಲಿ ಹೊಸ ಹೆಂಗಸು. ಡಾರ್ಲಾ ಕೆಲಸ ಬಿಟ್ಟಳಂತೆ. ಬೆಂಚೂ ಓಣಿಯಲ್ಲಿಲ್ಲ. ಯಾರಾದರೂ ಒಯ್ದರೋ, ಅವಳೇ ಒಯ್ದಳೋ, ಕೇಳಲು ಯಾರೂ ಇಲ್ಲ.

ಮಾರ್ಚ್ ೨೦, ಗುರುವಾರ

ಬ್ರೈಸ್ ಕರೆಮಾಡಿದ್ದ. ಬೇಸಿಗೆಯ ದೊಡ್ಡ ತರಬೇತಿಯಲ್ಲಿ ಉದ್ಘಾಟನೆಯ ಮಾತು ನನ್ನದೇ ಆಗಬೇಕಂತೆ. ವಿಷಯ, 'ಮಕ್ಕಳ ನಂಬಿಕೆ ಗಳಿಸುವುದು ಹೇಗೆ.' ಬೇಡ ಎಂದೆ. ನಡೆದದ್ದನ್ನೆಲ್ಲ ಹೇಳಿದೆ. ಮಾರ್ಲೀ, ಡಾರ್ಲಾ, ಆ ಹುಡುಗನ ಮಾತು, ಎಲ್ಲ. ಹೇಳುತ್ತಾ ನನ್ನ ದನಿ ಒಡೆಯಿತು. ಅವನು ಮೆಲ್ಲಗೆ, ಇದನ್ನೇ ಹೇಳು ಓರಿನ್ ಎಂದ.

ವಿಲ್ಮಾಳಿಗೆ ಹೇಳಿದೆ. ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು, ಈ ಸಲನಾದ್ರೂ ಆ ಮಗುವನ್ನ ಕೇಳಿದ್ಯಾ ಎಂದಳು. ಅವಳಿಗೆ ಅರ್ಥವಾಗುವುದಿಲ್ಲ. ಇದು ಮಾರ್ಲೀಯ ಕಥೆಯಲ್ಲ, ನನ್ನ ತಪ್ಪಿನ ಕಥೆ. ನನ್ನ ತಪ್ಪನ್ನು ಹೇಳಲು ನಾನು ಯಾರ ಅಪ್ಪಣೆ ಕೇಳಬೇಕು? ಬೇರೆ ಮೇಷ್ಟ್ರುಗಳು ಈ ಹಳ್ಳಕ್ಕೆ ಬೀಳದಿದ್ದರೆ ಅಷ್ಟು ಸಾಕು.

ಸುಮ್ಮನೆ ಮೊದಲ ಸಾಲುಗಳನ್ನು ಬರೆದು ನೋಡುತ್ತಿದ್ದೇನೆ, ಒಪ್ಪಿಕೊಂಡಿಲ್ಲ.

ಹಾಯ್ ಕುಟುಂಬ. ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಳು. ಹೆಸರು ಬದಲಾಯಿಸಿದ್ದೇನೆ. ಅವಳು ನನ್ನನ್ನು ನಂಬಿ ಒಂದು ಮಾತು ಹೇಳಿದಳು, ಯಾರಿಗೂ ಹೇಳಬೇಡಿ ಎಂದಳು.

ಇಲ್ಲಿ ಒಂದು ಉಸಿರು ನಿಲ್ಲಬೇಕು.